ಗೆರೆ ಎಳೆಯದ ದಿನ

ಲೇಖನ ತೆಗೆದುಕೊಳ್ಳುವ ಬಾಗಿಲು ಸಂಜೆ ಐದಕ್ಕೆ ಮುಚ್ಚುತ್ತದೆ ಎಂದು ಸಂಶೋಧನಾ ಪತ್ರಿಕೆಯವರು ಮೂರು ಸಲ ಬರೆದಿದ್ದರು. ಮೊದಲ ಸಲ ಮರ್ಯಾದೆಯಿಂದ, ಎರಡನೆಯ ಸಲ ದಪ್ಪ ಅಕ್ಷರದಲ್ಲಿ, ಮೂರನೆಯ ಸಲ ಕೆಂಪು ಬಣ್ಣದಲ್ಲಿ. ಆ ಕೆಂಪು ಸಾಲನ್ನು ಅವಳು ಬೆಳಿಗ್ಗೆಯಿಂದ ಕಡಿಮೆಯೆಂದರೂ ಇಪ್ಪತ್ತು ಸಲ ಓದಿದ್ದಳು. ಮತ್ತೆ ಮತ್ತೆ ಓದಿದರೆ ಗಡುವು ಮುಂದಕ್ಕೆ ಹೋಗುವುದಿಲ್ಲ ಎನ್ನುವುದು ಹದಿನಾರು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದವಳಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಕಾಲು ಸುಟ್ಟ ಬೆಕ್ಕಿನ ಹಾಗೆ ಊಟದ ಮೇಜಿನಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ, ಅಲ್ಲಿಂದ ಮತ್ತೆ ಮೇಜಿಗೆ ಸುತ್ತುತ್ತಿದ್ದಳು. ನೀರು ಕುಡಿಯಲೆಂದು ತುಂಬಿಸಿಟ್ಟ ಲೋಟಗಳೇ ನಾಲ್ಕು ಕಡೆ ನಿಂತಿದ್ದವು. ಒಂದರಲ್ಲೂ ಒಂದು ಗುಟುಕು ಕಡಿಮೆಯಾಗಿರಲಿಲ್ಲ.

ಕಾಲೇಜಿನಲ್ಲಿ ಅವಳು ಭೂಗೋಳದ ಮೇಡಂ. ಮನೆಯಲ್ಲಿ ಪುಟ್ಟಿ, ನಲವತ್ತೊಂದು ತುಂಬಿದ ಪುಟ್ಟಿ. ಗಂಡ ಬೇರೆ ಊರಿನ ಕೆಲಸದಲ್ಲಿದ್ದು ಶನಿವಾರಕ್ಕೆ ಬಂದು ಸೋಮವಾರಕ್ಕೆ ಹೋಗುವವನು. ಉಳಿದ ದಿನಗಳಲ್ಲಿ ಮನೆಯಲ್ಲಿ ಅವಳು, ಅಪ್ಪ ಮತ್ತು ಅಪ್ಪನ ನೋಟುಪುಸ್ತಕಗಳು.

ಆ ನೋಟುಪುಸ್ತಕಗಳೇ ಈ ಲೇಖನದ ಬಂಡವಾಳ. ಅಪ್ಪ ಹೈಸ್ಕೂಲೊಂದರ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದವರು. ಇಪ್ಪತ್ತೊಂಬತ್ತು ವರ್ಷಗಳ ಹಿಂದೆ ಶಾಲೆಯವರು ಹಳೆಯದೆಂದು ಬಿಸಾಡಲು ಹೊರಟ ಒಂದು ಥರ್ಮಾಮೀಟರನ್ನು ಕೇಳಿ ತಂದು, ಹಿತ್ತಲಿನಲ್ಲಿ ಕಂಬ ನೆಟ್ಟು, ಗಾಳಿಯಾಡುವ ಹಾಗೆ ಪಟ್ಟಿ ಹೊಡೆದ ಬಿಳಿ ಪೆಟ್ಟಿಗೆ ಮಾಡಿ, ಅದರೊಳಗೆ ತೂಗುಹಾಕಿದ್ದರು. ಅವತ್ತಿನಿಂದ ಪ್ರತಿದಿನ ಬೆಳಿಗ್ಗೆ ಸರಿಯಾಗಿ ಎಂಟೂವರೆಗೆ ಅದರ ಮುಂದೆ ನಿಂತು ಉಷ್ಣಾಂಶ ಬರೆದದ್ದೇ ಬರೆದದ್ದು. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಹತ್ತನೆಯ ತರಗತಿ ದಾಟದ ಆ ಮನುಷ್ಯನನ್ನು ಬೀದಿಯ ಮಕ್ಕಳೆಲ್ಲ ‘ಡಿಗ್ರಿ ತಾತ’ ಎಂದು ಕರೆದರೆ, ಅಪ್ಪ ಅದನ್ನು ಘಟಿಕೋತ್ಸವದಲ್ಲಿ ಕೊಟ್ಟ ಪದವಿಯ ಹಾಗೆಯೇ ಸ್ವೀಕರಿಸಿದ್ದರು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ ಭೂಗೋಳ ಕಲಿಸುವ ಮಗಳ ಕಣ್ಣಿಗೇ ಈ ಪುಸ್ತಕಗಳು ಬೀಳಲು ಇಪ್ಪತ್ತೈದು ವರ್ಷ ಬೇಕಾಯಿತು. ಬಿದ್ದ ಮೇಲೆ ಕೂತು ಲೆಕ್ಕ ಹಾಕಿದರೆ ಎದೆ ಝಲ್ಲೆನ್ನುವ ಸಂಗತಿ. ಮೊದಲೆಲ್ಲ ಆ ಹಿತ್ತಲು ಊರಾಚೆಯ ವಿಮಾನ ನಿಲ್ದಾಣಕ್ಕಿಂತ ಒಂದು ಡಿಗ್ರಿಯಷ್ಟು ತಂಪಾಗಿತ್ತು. ಬೀದಿಯ ಮರಗಳು ಒಂದೊಂದಾಗಿ ಉರುಳಿ, ಮೂರು ಕಡೆ ಗೋಡೆಗಳು ಎದ್ದ ಮೇಲೆ ಈಗ ಅದಕ್ಕಿಂತ ಒಂದು ಡಿಗ್ರಿ ಬಿಸಿ. ಒಂದು ಬೀದಿ ಹೇಗೆ ಕಾವೇರಿತು ಎಂಬುದು ದಿನದಿನದ ಲೆಕ್ಕದಲ್ಲಿ ಅಲ್ಲಿತ್ತು. ಎರಡು ಪತ್ರಿಕೆಗಳು ಲೇಖನವನ್ನು ಹಿಂದೆ ಕಳಿಸಿದವು. ಮನೆಯಲ್ಲಿ ಬರೆದಿಟ್ಟ ಅಂಕಿಗಳನ್ನು ನಂಬುವುದು ಹೇಗೆ ಎಂಬುದು ಅವರ ತಕರಾರು. ಈ ಮೂರನೆಯ ಪತ್ರಿಕೆ ಮಾತ್ರ ಇಂಥ ಮನೆಯ ದಾಖಲೆಗಳಿಗೆಂದೇ ಒಂದು ವಿಶೇಷ ಸಂಚಿಕೆ ತರುತ್ತಿತ್ತು. ಇಂಥ ಸಂಚಿಕೆ ಮತ್ತೆ ಬರುವ ಹೊತ್ತಿಗೆ ಎಪ್ಪತ್ತೆಂಟರ ಅಪ್ಪ ಇರುತ್ತಾರೋ ಇಲ್ಲವೋ. ಲೇಖಕರ ಪಟ್ಟಿಯಲ್ಲಿ ಅವರ ಹೆಸರನ್ನು ಮೊದಲು ಹಾಕಿದ್ದಳು. ಅದನ್ನು ಅಚ್ಚಿನಲ್ಲಿ ಅವರ ಕೈಗಿಡಬೇಕು ಎಂಬುದೊಂದೇ ಅವಳ ಹಟ.

ಆದರೆ ಪತ್ರಿಕೆಗೆ ಲೇಖನ ಕಳಿಸುವುದೆಂದರೆ ಮಗಳ ಮದುವೆ ಮಾಡಿದ ಹಾಗೆ. ಹುಡುಗ ಹುಡುಗಿ ಒಪ್ಪಿದ್ದರೆ ಸಾಲದು, ನೂರೆಂಟು ಕೊಂಕು ತೆಗೆಯುವವರನ್ನು ಸಮಾಧಾನ ಮಾಡಬೇಕು. ಸಾರಾಂಶ ಇನ್ನೂರೈವತ್ತು ಪದ ದಾಟಬಾರದು. ಅವಳದು ಇನ್ನೂರೈವತ್ತಾರು ಇತ್ತು. ಆರು ಪದ ಕೀಳಲು ಒಂದು ಗಂಟೆ ಹಿಡಿಯಿತು. ಗ್ರಂಥಋಣದಲ್ಲಿ ಇಸವಿಯನ್ನು ಆವರಣದಲ್ಲಿ ಹಾಕಬೇಕು ಎಂದು ಒಂದು ಪುಟ ಹೇಳಿದರೆ, ಹಾಕಬಾರದು ಎಂದು ಇನ್ನೊಂದು ಪುಟ. ಚಿತ್ರ ಮೂರನ್ನು ಹಾಕಿದರೆ ‘ಸ್ಪಷ್ಟತೆ ಸಾಲದು’ ಎಂದು ಜಾಲತಾಣ ಉಗುಳುತ್ತಿತ್ತು. ಎಲ್ಲಕ್ಕಿಂತ ತಮಾಷೆಯದು, ಪ್ರತಿ ಲೇಖಕನ ಸಂಸ್ಥೆ ಯಾವುದು ಎಂಬ ಖಾನೆ. ಅದನ್ನು ಖಾಲಿ ಬಿಟ್ಟರೆ ಪುಟ ಮುಂದಕ್ಕೇ ಹೋಗುತ್ತಿರಲಿಲ್ಲ.

“ಅಪ್ಪ, ನಿಮ್ಮ ಸಂಸ್ಥೆ ಯಾವುದು ಅಂತ ಕೇಳ್ತಿದಾರೆ,” ಎಂದು ಕೂಗಿದಳು.

“ಹಿತ್ತಲು ಅಂತ ಬರಿ,” ಎಂದರು ಅಪ್ಪ ಒಳಗಿನಿಂದ. “ವಿಭಾಗ ಕೇಳಿದ್ರೆ ಬಚ್ಚಲುಮನೆ ಪಕ್ಕ ಅಂತ ಹಾಕು.”

ಹತ್ತು ಗಂಟೆಗೆ ಇಬ್ಬರೂ ಮೇಜಿಗೆ ಕೂತರು. ದಾಖಲೆಯಲ್ಲಿ ಬಿಟ್ಟುಹೋದ ದಿನಗಳು ಎಷ್ಟು, ಪ್ರತಿಯೊಂದಕ್ಕೂ ಕಾರಣವೇನು ಎಂಬ ಪಟ್ಟಿಯನ್ನು ಪತ್ರಿಕೆ ಕೇಳಿತ್ತು. ಅಪ್ಪನಿಗೆ ಇದು ಪರಮ ಸಂತೋಷದ ಕೆಲಸ. ತಾವು ಊರಿನಲ್ಲಿಲ್ಲದ ದಿನ ಅಂಕಿಯ ಜಾಗದಲ್ಲಿ ಸಣ್ಣದೊಂದು ಅಡ್ಡಗೆರೆ ಎಳೆಯುವುದು ಅವರ ಪದ್ಧತಿ. ಅಂದಾಜು ಬರೆಯುವುದಾಗಲಿ, ಪಕ್ಕದ ಮನೆಯವರನ್ನು ನೋಡಲು ಹೇಳುವುದಾಗಲಿ ಇಲ್ಲ. ಕಣ್ಣಾರೆ ಕಂಡಿದ್ದರೆ ಅಂಕಿ, ಇಲ್ಲದಿದ್ದರೆ ಗೆರೆ. ಇಪ್ಪತ್ತೊಂಬತ್ತು ವರ್ಷಕ್ಕೆ ಒಟ್ಟು ನಲವತ್ತೊಂದು ಗೆರೆಗಳು.

“ಇದು ನಿನ್ನ ಮದುವೆ. ನಾಲ್ಕು ದಿನ,” ಎಂದು ಅಪ್ಪ ಬೆರಳಿಟ್ಟು ತೋರಿಸುತ್ತ ಹೋದರು. “ಇದು ಕಣ್ಣಿನ ಪೊರೆ ತೆಗೆಸಿದ್ದು. ಡಾಕ್ಟ್ರು ಪಟ್ಟಿ ಕಟ್ಟಿಬಿಟ್ರು, ಇಲ್ದಿದ್ರೆ ನೋಡ್ತಿದ್ದೆ. ಇದು ಹಳೇ ಥರ್ಮಾಮೀಟರ್ ಒಡೆದು ಹೊಸದು ಬರೋ ತನಕ ಒಂಬತ್ತು ದಿನ. ಆಗ ನನಗೆ ಊಟಾನೇ ಸೇರ್ತಿರ್ಲಿಲ್ಲ.”

ನಲವತ್ತೊಂದನ್ನೂ ಟೈಪು ಮಾಡಿ ಮುಗಿಸುವಾಗ ಹನ್ನೊಂದಾಗಿತ್ತು. ಅಪ್ಪ ಎದ್ದು ಹಿತ್ತಲಿಗೆ ಹೋದರು. ಅದೇ ಹೊತ್ತಿಗೆ ಚಿಕ್ಕಮ್ಮನ ಫೋನು ಬಂತು. ಚಿಕ್ಕಮ್ಮ ಅಮ್ಮನ ತಂಗಿ, ವಾರಕ್ಕೆರಡು ಸಲ ಮಾತಾಡದಿದ್ದರೆ ಅವರಿಗೆ ತಿಂದದ್ದು ಅರಗುವುದಿಲ್ಲ.

“ಕಳ್ಸಿದ್ಯಾ ಪುಟ್ಟಿ?”

“ಇನ್ನೂ ಇಲ್ಲ ಚಿಕ್ಕಮ್ಮ. ತಲೆ ಚಿಟ್ಟು ಹಿಡಿದುಹೋಗಿದೆ.”

“ಆಗತ್ತೆ ಬಿಡು. ಭಾವ ಎಂಥ ಮನುಷ್ಯ ಅಂತ ಆ ದೊಡ್ಡೋರಿಗೆಲ್ಲ ಗೊತ್ತಾಗ್ಲಿ. ಒಂದು ದಿನ ಬಿಡದೆ ಬರೆದೋರು, ಅಕ್ಕ ಹೋದ ದಿನ ಮಾತ್ರ ಅದನ್ನೂ ಬಿಟ್ಟು ಅವಳ ಕೈ ಹಿಡ್ಕೊಂಡು ಕೂತಿದ್ರಲ್ಲ. ಅಕ್ಕ ಪುಣ್ಯ ಮಾಡಿದ್ಲು. ನಾನು ಸಾಯುವಾಗ ನಿಮ್ಮ ಚಿಕ್ಕಪ್ಪ ಟೀವಿ ಮುಂದೆ ಇರ್ತಾರೆ, ಬರೆದಿಟ್ಕೋ.”

ಇದನ್ನು ಚಿಕ್ಕಮ್ಮ ಹತ್ತೊಂಬತ್ತು ವರ್ಷಗಳಿಂದ ಹೇಳುತ್ತ ಬಂದಿದ್ದರು. ಅವಳು ಎಂದಿನಂತೆ ನಕ್ಕು ಫೋನಿಟ್ಟಳು. ಇಟ್ಟ ಮೇಲೆ ಕೈ ಫೋನಿನ ಮೇಲೆಯೇ ನಿಂತಿತು. ಅಮ್ಮ ಹೋದ ದಿನ ಅಪ್ಪ ಬರೆಯಲಿಲ್ಲ. ಹಾಗಾದರೆ ಆ ದಿನಕ್ಕೊಂದು ಗೆರೆ ಇರಬೇಕಿತ್ತು. ನಲವತ್ತೊಂದು ಗೆರೆಗಳಲ್ಲಿ ಅದು ಇರಲಿಲ್ಲ.

ಆ ವರ್ಷದ ಪುಸ್ತಕವನ್ನು ಎಳೆದು ಪುಟ ತಿರುವಿದಳು. ಅಮ್ಮ ಆಸ್ಪತ್ರೆಯಲ್ಲಿದ್ದದ್ದು ಹನ್ನೊಂದು ದಿನ. ಆಗ ಅವಳು ಓದುತ್ತ ಹಾಸ್ಟೆಲಿನಲ್ಲಿದ್ದಳು. ರಾತ್ರಿಯೆಲ್ಲ ಅಪ್ಪ ಅಮ್ಮನ ಬಳಿ ಇರುವುದು, ಬೆಳಿಗ್ಗೆ ಎಂಟಕ್ಕೆ ಅವಳು ಬಂದ ಮೇಲೆ ಅವರು ಕಾಲ್ನಡಿಗೆಯಲ್ಲಿ ಇಪ್ಪತ್ತು ನಿಮಿಷದ ಮನೆಗೆ ಹೋಗಿ, ಉಷ್ಣಾಂಶ ಬರೆದು, ಸ್ನಾನ ಮುಗಿಸಿ ಬರುವುದು ಎಂದು ಏರ್ಪಾಡಾಗಿತ್ತು. ಹತ್ತು ದಿನ ಹಾಗೇ ನಡೆಯಿತು. ಆ ಹತ್ತು ದಿನಕ್ಕೆ ಹತ್ತು ಅಂಕಿಗಳು ಸರಿಯಾಗಿಯೇ ಇದ್ದವು. ಹನ್ನೊಂದನೆಯ ದಿನ ಅವಳು ತಡವಾಗಿ ಬಂದಳು. ತಲುಪುವಾಗ ಒಂಬತ್ತು ಹತ್ತು. ಅಮ್ಮ ಎಂಟು ನಲವತ್ತಕ್ಕೆ ಹೋಗಿಯಾಗಿತ್ತು. ಅಪ್ಪ ಮಂಚದ ಪಕ್ಕದ ಸ್ಟೂಲಿನ ಮೇಲೆ ಅಮ್ಮನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ‘ನೀನು ಬರ್ಲಿಲ್ಲ ಅಂತ ನಾನು ಹೋಗ್ಲಿಲ್ಲ. ಇಲ್ಲೇ ಇದ್ದೆ. ನಿದ್ದೆ ಹೋದ ಹಾಗೆ ಹೋದ್ಲು’ ಎಂದಿದ್ದರು. ಬಸ್ಸು ತಪ್ಪಿತು ಎಂದು ಅವಳು ಹೇಳಿದ್ದಳು. ಅದನ್ನು ಯಾರೂ ಕೇಳಿರಲಿಲ್ಲ.

ಹನ್ನೊಂದನೆಯ ದಿನದ ಎದುರು ಅಪ್ಪನ ಗುಂಡು ಅಕ್ಷರದಲ್ಲಿ ಬರೆದಿತ್ತು: 20.8.

ಅವಳಿಗೆ ಮೊದಲು ಬಂದದ್ದು ಸಿಟ್ಟು. ಹೆಂಡತಿ ಸತ್ತ ದಿನ ಸಂಜೆಯೋ ಮರುದಿನವೋ ಕೂತು ಒಂದು ಅಂಕಿಯನ್ನು ಸೃಷ್ಟಿಸಿ ಬರೆದರೇ ಈ ಮನುಷ್ಯ? ಪಟ್ಟಿಯಲ್ಲಿ ಒಂದು ಗೆರೆ ಹೆಚ್ಚಾದೀತೆಂದೇ? ಪತ್ರಿಕೆಯ ಕೊನೆಯ ಪುಟದಲ್ಲಿ ವೀಕ್ಷಕರ ಹೇಳಿಕೆ ಇತ್ತು: ‘ಇಲ್ಲಿರುವ ಪ್ರತಿಯೊಂದು ಅಂಕಿಯನ್ನೂ ನಾನೇ ಕಣ್ಣಾರೆ ಕಂಡು ದಾಖಲಿಸಿದ್ದೇನೆ.’ ಅದರ ಮುಂದೆ ಅಪ್ಪ ಗುರುತು ಹಾಕಬೇಕು. ಹತ್ತು ಸಾವಿರದ ಐನೂರು ಚಿಲ್ಲರೆ ದಿನಗಳಲ್ಲಿ ಒಂದು ದಿನ ಸುಳ್ಳಾದರೆ ಆ ಹೇಳಿಕೆಯೇ ಸುಳ್ಳು. ಪುಸ್ತಕ ಹಿಡಿದು ದಡದಡ ಹಿತ್ತಲಿಗೆ ಹೋದಳು.

ಅಪ್ಪ ಪೆಟ್ಟಿಗೆಯ ಪಟ್ಟಿಗಳ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಅವಳು ಪುಟವನ್ನು ಅವರ ಕಣ್ಣ ಮುಂದೆ ಹಿಡಿದಳು.

“ಅಪ್ಪ, ಅಮ್ಮ ಹೋದ ದಿನ ನೀವು ಆಸ್ಪತ್ರೇಲಿ ಇದ್ರಲ್ಲ. ಇದು ಎಲ್ಲಿಂದ ಬಂತು?”

ಅಪ್ಪ ಬಟ್ಟೆಯನ್ನು ಹಿಂಡಿದರು. ಮತ್ತೊಮ್ಮೆ ಹಿಂಡಿದರು. ಅದರಲ್ಲಿ ನೀರೇ ಉಳಿದಿರಲಿಲ್ಲ.

“ಅಂದಾಜಲ್ಲಿ ಬರ್ದೆ ಅನ್ಸತ್ತೆ,” ಎಂದರು.

“ಅಂದಾಜಲ್ಲಿ? ನೀವಾ?”

“ಬರ್ದೆ. ಆಗ ತಲೆ ಸರಿ ಇರ್ಲಿಲ್ಲ. ಹೊಡೆದು ಹಾಕು. ಒಂದು ಗೆರೆ ಎಳೆದು, ಕಾರಣ ಸಾವು ಅಂತ ಹಾಕ್ಬಿಡು. ಯಾರೂ ಏನೂ ಕೇಳಲ್ಲ.”

ಮುಖ ಎತ್ತದೆಯೇ ಹೇಳಿ, ಮತ್ತೆ ಪಟ್ಟಿ ಒರೆಸಲು ತೊಡಗಿದರು. ಅವಳು ಪುಸ್ತಕ ಮುಚ್ಚಿದಳು. ಒಳಗೆ ಬಂದು ಕೂತಳು, ಎದ್ದಳು, ಮತ್ತೆ ಕೂತಳು. ಹೊಡೆದು ಹಾಕುವುದು ಅರ್ಧ ನಿಮಿಷದ ಕೆಲಸ. ಕಾರಣವೂ ಎಷ್ಟು ಅನುಕೂಲದ್ದು, ಸಾವಿನ ಮುಂದೆ ಯಾವ ಸಂಪಾದಕನೂ ಬಾಯಿ ಬಿಡುವುದಿಲ್ಲ. ಆದರೆ ಒಂದು ಅಗುಳು ಹಿಸುಕಿದರೆ ಸಾಕು, ಇಡೀ ಪಾತ್ರೆಯ ಅನ್ನ ಬೆಂದಿದೆಯೋ ಇಲ್ಲವೋ ತಿಳಿಯುತ್ತದೆ. ಈ ಒಂದು ದಿನ ಅಂದಾಜಾದರೆ ಬೇರೆ ಎಷ್ಟು ದಿನ ಅಂದಾಜು? ಜ್ವರ ಬಂದು ಮಲಗಿದ್ದ ದಿನಗಳು? ಮಳೆ ಹೊಡೆಯುತ್ತಿದ್ದ ದಿನಗಳು? ಅಪ್ಪನ ಮಾತನ್ನು ಅವಳು ಜೀವಮಾನದಲ್ಲಿ ಅನುಮಾನಿಸಿದವಳಲ್ಲ. ಅನುಮಾನ ಒಮ್ಮೆ ಒಳಗೆ ಬಂದರೆ ಮುಂಬಾಗಿಲಿನಲ್ಲಿ ಕಾದು ನಿಲ್ಲುವ ನೆಂಟನಲ್ಲ, ನೇರ ನಡುಮನೆಗೇ ಬರುತ್ತದೆ.

ಲೇಖನಕ್ಕೆ ಮೂರನೆಯ ಲೇಖಕರೊಬ್ಬರಿದ್ದರು, ಅವಳ ಕಾಲೇಜಿನ ಸಂಖ್ಯಾಶಾಸ್ತ್ರದ ಮೇಷ್ಟ್ರು. ಚಹಾಕ್ಕೆ ಸಕ್ಕರೆ ಎಷ್ಟು ಎಂದರೆ ‘ಒಂದು ಪಾಯಿಂಟ್ ನಾಲ್ಕು ಚಮಚ’ ಎನ್ನುವ ಆಸಾಮಿ. ಆದ್ದರಿಂದ ಸಿಬ್ಬಂದಿ ಕೋಣೆಯಲ್ಲಿ ಅವರ ಹೆಸರು ದಶಾಂಶ. ಅವರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

“ಒಂದು ದಿನ ತೆಗೆದ್ರೆ ನಮ್ಮ ಫಲಿತಾಂಶ ಎಳ್ಳಷ್ಟೂ ಅಲ್ಲಾಡಲ್ಲ ಮೇಡಂ,” ಎಂದರು ದಶಾಂಶ. “ಅದಲ್ಲ ಪ್ರಶ್ನೆ. ಒಂದನ್ನ ಕಟ್ಟಿ ಬರೆದೋರು ಇನ್ನೊಂದನ್ನ ಬರೆದಿಲ್ಲ ಅಂತ ನಾನು ಹೇಗೆ ಸಹಿ ಹಾಕ್ಲಿ? ಬೇಜಾರು ಮಾಡ್ಕೋಬೇಡಿ.”

“ಬೇಜಾರಿಲ್ಲ. ಏನು ಮಾಡೋದು ಹೇಳಿ.”

“ವಿಮಾನ ನಿಲ್ದಾಣದ ದಾಖಲೆ ನನ್ನ ಹತ್ರ ಇದೆ. ಗಂಟೆ ಗಂಟೆಯದ್ದೂ ಇದೆ. ಆ ಹನ್ನೊಂದು ದಿನ, ಜೊತೆಗೆ ಅನುಮಾನದ ದಿನಗಳು ಯಾವ್ಯಾವುದಿದೆಯೋ ಎಲ್ಲಾ ಕೊಡಿ. ಅಂದಾಜಲ್ಲಿ ಬರೆದದ್ದು ಬಚ್ಚಿಟ್ಕೊಳ್ಳಲ್ಲ. ಮನುಷ್ಯನ ಅಂದಾಜಿಗೆ ಒಂದು ಚಾಳಿ ಇರತ್ತೆ.”

ಹನ್ನೆರಡೂವರೆಯಿಂದ ಮೂರರವರೆಗೆ ಆ ಮನೆಯಲ್ಲಿ ಗಡಿಯಾರ ಬಿಟ್ಟರೆ ಯಾವುದೂ ನೆಟ್ಟಗೆ ನಡೆಯಲಿಲ್ಲ. ಅಪ್ಪ ಬಂದು ತಟ್ಟೆಯ ಮುಂದೆ ಕೂತರು, ಎರಡು ತುತ್ತು ತಿಂದು ಎದ್ದರು. ಅವಳು ಎರಡು ತುತ್ತನ್ನೂ ತಿನ್ನಲಿಲ್ಲ. ಚಿತ್ರ ಮೂರನ್ನು ಮತ್ತೆ ದೊಡ್ಡದು ಮಾಡಿ ಏರಿಸಿದಳು, ಜಾಲತಾಣ ಮತ್ತೆ ಉಗುಳಿತು. ಸಂಪಾದಕರಿಗೆ ಬರೆಯುವ ಪತ್ರದಲ್ಲಿ ‘ಈ ದಾಖಲೆಯ ವಿಶ್ವಾಸಾರ್ಹತೆ’ ಎಂದು ಟೈಪು ಮಾಡಿ, ಅಳಿಸಿ, ಮತ್ತೆ ಟೈಪು ಮಾಡಿದಳು. ಒಂದು ಸಲ ಪಟ್ಟಿಯನ್ನು ತೆರೆದು ನಲವತ್ತೆರಡನೆಯ ಸಾಲಿನಲ್ಲಿ ಅಮ್ಮ ಹೋದ ತಾರೀಖು ಹಾಕಿ, ಪಕ್ಕದಲ್ಲಿ ‘ಕುಟುಂಬದಲ್ಲಿ ಸಾವು’ ಎಂದು ಬರೆದೂಬಿಟ್ಟಳು. ಎಷ್ಟು ಸಲೀಸಾಗಿ ಕೂತಿತು ಆ ಸಾಲು. ಎರಡು ಸಲ ಓದಿ ಅದನ್ನೂ ಅಳಿಸಿದಳು.

ನಡುವೆ ಅಪ್ಪ ಬಾಗಿಲಿನಲ್ಲಿ ನಿಂತು ಎರಡು ಸಲ ಕೇಳಿದರು.

“ಹೊಡೆದು ಹಾಕಿದ್ಯಾ?”

“ಇಲ್ಲಪ್ಪ. ನೋಡ್ತಿದೀವಿ.”

“ನೋಡೋದೇನಿದೆ ಅದರಲ್ಲಿ?” ಎಂದು ಗೊಣಗುತ್ತ ಹೋದರು. ಒಂದು ಅಂಕಿಯನ್ನು ತಿದ್ದಿದರೆ ಜಗಳಕ್ಕೆ ಬರುತ್ತಿದ್ದವರು ತಮ್ಮದೇ ಅಂಕಿಯನ್ನು ಕೊಲ್ಲಲು ಇಷ್ಟು ಅವಸರ ಮಾಡುತ್ತಿರುವುದು ಅವಳಿಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಗಡುವು ತಲೆಯ ಮೇಲೆ ಕೂತಿರುವಾಗ ಬುದ್ಧಿ ಕೆಲಸ ಮಾಡುವುದು ಅಷ್ಟಕ್ಕಷ್ಟೆ.

ಮೂರು ಹತ್ತಕ್ಕೆ ದಶಾಂಶರ ಫೋನು ಬಂತು. ಅವರ ದನಿಯಲ್ಲಿ ಲಾಟರಿ ಹೊಡೆದವನ ಹುರುಪು.

“ಮೇಡಂ, ನಿಮ್ಮ ತಂದೆಯವರಿಗೆ ನಾನು ಕ್ಷಮೆ ಕೇಳ್ಬೇಕು. ಆ ಕಾಲದಲ್ಲಿ ನಿಮ್ಮ ಹಿತ್ತಲು ನಿಲ್ದಾಣಕ್ಕಿಂತ ಪಾಯಿಂಟ್ ಎಂಟು ತಂಪು. ಒಂದು ದಿನ ಪಾಯಿಂಟ್ ಏಳು, ಒಂದು ದಿನ ಪಾಯಿಂಟ್ ಒಂಬತ್ತು, ಅಷ್ಟೇ ವ್ಯತ್ಯಾಸ. ಈಗ ಕೇಳಿ. ಹತ್ತನೇ ದಿನ ಬೆಳಿಗ್ಗೆ ಅವರು ಬರೆದದ್ದು ಇಪ್ಪತ್ತಾರು ಪಾಯಿಂಟ್ ಒಂದು. ರಾತ್ರಿ ದೊಡ್ಡ ಗಾಳಿಮಳೆ. ಹನ್ನೊಂದನೇ ದಿನ ಐದು ಡಿಗ್ರಿ ದಬಕ್ಕಂತ ಇಳಿದಿದೆ. ನಿಲ್ದಾಣದಲ್ಲಿ ಎಂಟೂವರೆಗೆ ಇಪ್ಪತ್ತೊಂದು ಪಾಯಿಂಟ್ ಆರು. ಇವರದ್ದು ಇಪ್ಪತ್ತು ಪಾಯಿಂಟ್ ಎಂಟು. ವ್ಯತ್ಯಾಸ ಎಷ್ಟಾಯ್ತು?”

“ಪಾಯಿಂಟ್ ಎಂಟು,” ಎಂದಳು ಅವಳು.

“ಕೂದಲೆಳೆ ಆಚೀಚೆ ಇಲ್ಲ. ವಾರ್ಡಲ್ಲಿ ಕೂತೋರಿಗೆ ಚಳಿ ಆಯ್ತು ಅಂತ ಗೊತ್ತಾಗಬಹುದು. ಇಪ್ಪತ್ತು ಪಾಯಿಂಟ್ ಎಂಟು ಅಂತ ಗೊತ್ತಾಗಲ್ಲ. ಪೇಪರಿನಲ್ಲಿ ಬರೋದು ದಿನದ ಗರಿಷ್ಠ ಕನಿಷ್ಠ ಮಾತ್ರ, ಎಂಟೂವರೆಯದ್ದು ಬರಲ್ಲ. ಅವರು ಎಂಟೂವರೆಗೆ ಆ ಪೆಟ್ಟಿಗೆ ಮುಂದೆ ನಿಂತೇ ಬರೆದದ್ದು ಮೇಡಂ. ವಯಸ್ಸಾಯ್ತಲ್ಲ, ಮರೆತಿದ್ದಾರೆ. ಬೇರೆ ಎಲ್ಲಾ ದಿನಗಳೂ ಚಿನ್ನದಂಥವು. ತೆಗೀಬೇಡಿ, ಹಾಗೇ ಕಳ್ಸಿ.”

ಅವಳು ಥ್ಯಾಂಕ್ಸ್ ಹೇಳಿದಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಮೂರು ಪುಸ್ತಕ ಒಂದರ ಮೇಲೊಂದು ಇದ್ದವು. ಅವುಗಳ ಅಂಚನ್ನು ಸರಿಮಾಡಿದಳು. ಮತ್ತೆ ಸರಿಮಾಡಿದಳು. ಎಂಟೂವರೆಗೆ ಅಪ್ಪ ಮನೆಯಲ್ಲಿದ್ದರೆ, ಎಂಟು ನಲವತ್ತಕ್ಕೆ ಅಮ್ಮನ ಕೈ ಹಿಡಿದವರು ಯಾರು?

ಅಪ್ಪ ತಮ್ಮ ಕೋಣೆಯಲ್ಲಿ ಮಂಚದ ಅಂಚಿಗೆ ಕೂತಿದ್ದರು. ಮಧ್ಯಾಹ್ನ ಒಂದು ನಿದ್ದೆ ತೆಗೆಯುವವರು ಅವತ್ತು ಮಲಗಿರಲಿಲ್ಲ. ಅವಳು ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು.

“ಅಪ್ಪ, ಅದು ಅಂದಾಜಲ್ಲ.”

ಅಪ್ಪ ಹೊದಿಕೆಯ ಅಂಚು ಮಡಿಸಿದರು.

“ವಿಮಾನ ನಿಲ್ದಾಣದ ಲೆಕ್ಕ ನೋಡಿದ್ವಿ. ನೀವು ಅವತ್ತು ಇಲ್ಲಿದ್ರಿ. ಹಿತ್ತಲಲ್ಲಿ.”

“ಎಂಥ ಪತ್ರಿಕೆನೋ ನಿಂದು,” ಎಂದರು ಅಪ್ಪ. “ಪೊಲೀಸರಿಗಿಂತ ಕಡೆ.”

ಅಪ್ಪ ಅಂಗೈಗಳನ್ನು ಮೊಣಕಾಲಿನ ಮೇಲೆ ತಿಕ್ಕಿಕೊಂಡರು.

“ಎಂಟು ಹತ್ತರ ತನಕ ಕಾದೆ. ಹತ್ತು ದಿನ ಒಂದು ನಿಮಿಷ ತಡ ಮಾಡದೆ ಬಂದೋಳು ನೀನು. ಬಸ್ಸಿಳಿದು ಬರ್ತಿರ್ತೀಯ, ಗೇಟ್ ಹತ್ರ ಇರ್ತೀಯ ಅಂದ್ಕೊಂಡೆ. ನಿಮ್ಮಮ್ಮ ಚೆನ್ನಾಗೇ ಇದ್ಲು, ಕಣ್ಣು ಮುಚ್ಕೊಂಡು ಮಲಗಿದ್ಲು. ನರ್ಸಿಗೆ ಹೇಳಿ ಹೊರಟೆ. ರಾತ್ರಿ ಅಷ್ಟು ಗಾಳಿ ಬಂದಿತ್ತಲ್ಲ, ಎಷ್ಟು ಇಳಿದಿರಬಹುದು ಅಂತ ಒಂದು ಕುತೂಹಲ. ನೋಡು, ಅದು ನನ್ನ ಬುದ್ಧಿ. ಓಡ್ಕೊಂಡೇ ಬಂದೆ, ಬರ್ದೆ, ಸ್ನಾನಾನೂ ಮಾಡದೇ ವಾಪಸ್ ಓಡಿದೆ. ಗೇಟಲ್ಲಿ ನೀನು ಸಿಗ್ಲಿಲ್ಲ. ವಾರ್ಡಲ್ಲಿ ನರ್ಸು ಮುಖದ ಮೇಲೆ ಬಟ್ಟೆ ಎಳೀತಿದ್ಲು. ಅವಳೂ ಆಚೆ ಮಂಚದ ಹತ್ರ ಇದ್ಲಂತೆ, ಎಂಟು ನಲವತ್ತಕ್ಕೆ ಬಂದು ನೋಡುವಾಗ ಹೋಗಿಯಾಗಿತ್ತಂತೆ.”

“ಹಾಗಾದ್ರೆ ಅಮ್ಮನ ಹತ್ರ…”

“ಯಾರೂ ಇರ್ಲಿಲ್ಲ,” ಎಂದರು ಅಪ್ಪ.

ಹೊರಗೆ ಯಾರದೋ ಸ್ಕೂಟರು ಚಾಲೂ ಆಗದೆ ಕೆಮ್ಮುತ್ತಿತ್ತು. ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಬೇಕೆಂದೂ ಅವಳಿಗೆ ಅನ್ನಿಸಲಿಲ್ಲ. ಹತ್ತೊಂಬತ್ತು ವರ್ಷ ಅವಳು ನೆಮ್ಮದಿಯಿಂದ ಇದ್ದದ್ದು ಆ ಹಿಡಿದ ಕೈಯ ಮೇಲೆ. ತಾನು ತಡವಾದರೇನು, ಅಪ್ಪ ಇದ್ದರಲ್ಲ.

“ಬಸ್ಸು ತಪ್ಪಿರ್ಲಿಲ್ಲಪ್ಪ,” ಎಂದಳು. “ಅವತ್ತು ತಲೆಗೆ ಸ್ನಾನ ಮಾಡಿದ್ದೆ. ಕೂದಲು ಒದ್ದೆ ಇತ್ತು, ಗಾಳಿ ಚಳಿ ಅಂತ ಎರಡು ಬಸ್ಸು ಬಿಟ್ಟೆ. ಬೇಕಂತಲೇ ಬಿಟ್ಟೆ.”

“ಗೊತ್ತು.”

“ಗೊತ್ತಾ?”

“ಬಂದಾಗ ನಿನ್ನ ಕೂದಲು ಹಾರ್ತಿತ್ತು. ದಿನಾ ಜಡೆ ಹಾಕಿ ಬರೋಳು.” ಅಪ್ಪ ಅವಳ ಮುಖ ನೋಡಿದರು. “ಬಾಗಿಲಲ್ಲಿ ನಿಂತು ನೀನು ನೋಡಿದ ನೋಟ ಇದೆಯಲ್ಲ, ಅದಕ್ಕೆ ಏನಾದ್ರೂ ಹೇಳ್ಲೇಬೇಕಿತ್ತು. ಬಾಯಿಗೆ ಬಂದದ್ದು ಅದು. ನೀನು ಚಿಕ್ಕಮ್ಮನಿಗೆ ಹೇಳ್ದೆ, ಚಿಕ್ಕಮ್ಮ ಊರಿಗೆಲ್ಲ ಹೇಳಿದ್ಲು. ಆಮೇಲೆ ನಾನು ಏನು ಮಾಡ್ಲಿ? ಎಲ್ಲರೂ ಬಂದು ನನ್ನ ಕೈ ಮುಟ್ಟಿ ಮುಟ್ಟಿ ಹೋದ್ರು.”

“ಪುಸ್ತಕದಲ್ಲಾದ್ರೂ ಗೆರೆ ಎಳೀಬಹುದಿತ್ತು.”

“ಕಂಡಿದ್ದೆನಲ್ಲ,” ಎಂದರು ಅಪ್ಪ, ಅದಕ್ಕಿಂತ ಸರಳವಾದದ್ದು ಬೇರೆ ಇಲ್ಲ ಎಂಬಂತೆ. “ಕಂಡ ಮೇಲೆ ಗೆರೆ ಹೇಗೆ ಎಳೀಲಿ?”

“ನನಗೆ ಹೇಳ್ಬಹುದಿತ್ತು. ಇಷ್ಟು ವರ್ಷ ಒಬ್ರೇ…”

“ನಿನಗೆ ಇಪ್ಪತ್ತೆರಡು. ನನಗೆ ಐವತ್ತೊಂಬತ್ತು. ಯಾರಾದ್ರೂ ಒಬ್ರು ಹೊರಬೇಕು ಅಂದ್ರೆ, ಕಡಿಮೆ ವರ್ಷ ಬಾಕಿ ಇರೋನು ಹೊರೋದು ವಾಸಿ ಅನ್ಸಿತು.” ಅವರ ಬಾಯಿ ಸ್ವಲ್ಪ ಸೊಟ್ಟಗಾಯಿತು, ನಗುವಾಗ ಹಾಗಾಗುತ್ತಿತ್ತು. “ಇಷ್ಟು ದಿನ ಬದುಕ್ತೀನಿ ಅಂತ ಲೆಕ್ಕ ಹಾಕಿರ್ಲಿಲ್ಲ. ಅದೊಂದು ಅಂದಾಜು ತಪ್ಪಿತು.”

ಅವಳು ಅವರ ಮೊಣಕಾಲಿಗೆ ತಲೆಯಿಟ್ಟು ಅತ್ತಳು. ಅಪ್ಪ ಅವಳ ತಲೆಯ ಮೇಲೆ ಕೈ ಇಟ್ಟುಕೊಂಡು ಕೂತರು. ಎಷ್ಟು ಹೊತ್ತಾಯಿತೋ, ಕೊನೆಗೆ ಅವರೇ ಗೋಡೆಯ ಗಡಿಯಾರ ನೋಡಿ, “ನಾಲ್ಕು ಇಪ್ಪತ್ತು,” ಎಂದರು.

ಇಬ್ಬರೂ ಮೇಜಿಗೆ ಬಂದರು. ಬೆಳಿಗ್ಗೆಯಿಂದ ಸತಾಯಿಸಿದ ಚಿತ್ರ ಮೂರು ಈ ಸಲ ತಕರಾರಿಲ್ಲದೆ ಏರಿತು, ಯಾಕೆ ಎಂದು ಕೇಳುವ ಚೈತನ್ಯ ಅವಳಿಗಿರಲಿಲ್ಲ. ಬಿಟ್ಟುಹೋದ ದಿನಗಳ ಪಟ್ಟಿ ನಲವತ್ತೊಂದಕ್ಕೇ ನಿಂತಿತು. ಕೊನೆಯ ಪುಟದ ಹೇಳಿಕೆಯನ್ನು ಅವಳು ಗಟ್ಟಿಯಾಗಿ ಓದಿ ಹೇಳಿದಳು. ಅಪ್ಪ ಕನ್ನಡಕ ಸರಿಮಾಡಿಕೊಂಡು ತಾವೇ ಇನ್ನೊಮ್ಮೆ ಓದಿದರು.

“ತೆಗೆದ್ರೆ ಯಾರಿಗೂ ಗೊತ್ತಾಗಲ್ಲ,” ಎಂದರು. “ನಿನ್ನನ್ನ ಕೇಳ್ತಿದೀನಿ. ನಿನಗೆ ಹೇಗೆ ಬೇಕೋ ಹಾಗೆ.”

“ನೀವು ಕಂಡಿದ್ದೀರಲ್ಲ. ಇರ್ಲಿ.”

ಅಪ್ಪ ಬೆರಳಿನಿಂದ ಒತ್ತಿ ಗುರುತು ಹಾಕಿದರು. ಒಂದು ಸಲಕ್ಕೆ ಬೀಳಲಿಲ್ಲ, ಎರಡನೆಯ ಸಲಕ್ಕೆ ಬಿತ್ತು. ನಾಲ್ಕು ಐವತ್ತೆರಡಕ್ಕೆ ಲೇಖನ ಹೋಯಿತು. ‘ನಿಮ್ಮ ಹಸ್ತಪ್ರತಿ ನಮಗೆ ತಲುಪಿದೆ’ ಎಂಬ ಒಣ ಸಾಲೊಂದು ಪರದೆಯ ಮೇಲೆ ಬಂದು ನಿಂತಿತು. ಇಬ್ಬರೂ ಅದನ್ನೇ ನೋಡುತ್ತ ಕೂತರು.

“ಭಾನುವಾರ ಚಿಕ್ಕಮ್ಮ ಬರ್ತಾಳೆ,” ಎಂದರು ಅಪ್ಪ. “ಬಂದೋಳು ಮತ್ತೆ ಅದೇ ಶುರು ಮಾಡ್ತಾಳೆ. ಮೊದಲು ಹೇಗೋ ಕೇಳ್ಕೊಂಡು ಕೂತಿದ್ದೆ. ಇನ್ನು ನಿನ್ನ ಮುಂದೆ ಹೇಗೆ ಕೂರ್ಲಿ?”

ಅವಳು ಫೋನು ಕೈಗೆ ತೆಗೆದುಕೊಂಡಳು.

“ಬೇಡ, ನಾನು ಹೇಳ್ತೀನಿ ಕೊಡು,” ಎಂದು ಅಪ್ಪ ಕೈ ಚಾಚಿದರು. “ಹೇಳಿದ್ದು ನಾನಲ್ಲವಾ.”

“ತಡವಾಗಿ ಬಂದೋಳು ನಾನು,” ಎಂದು ಅವಳು ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡಳು.

ಎರಡು ರಿಂಗಿಗೆ ಚಿಕ್ಕಮ್ಮ ಎತ್ತಿದರು. ಹಿಂದೆ ಟೀವಿಯ ಸದ್ದಿತ್ತು.

“ಹೋಯ್ತಾ ಪುಟ್ಟಿ?”

“ಹೋಯ್ತು ಚಿಕ್ಕಮ್ಮ. ಸ್ವಲ್ಪ ಟೀವಿ ಕಡಿಮೆ ಮಾಡಿ ಕೂತ್ಕೊಳ್ಳಿ. ಅಮ್ಮ ಹೋದ ದಿನದ್ದು ಒಂದು ಮಾತು ಹೇಳ್ಬೇಕು.”